ಬಿಸಿಲಿನ ಮಾತು ಬಂದ್ ಆಗಿದ್ದ ಮನೆ

ಇದು ನಡೆದದ್ದು ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಅವ್ವ ಏಪ್ರಿಲ್ ಅನ್ನುತ್ತಾಳೆ. ಅವಳ ನೆನಪಿನಲ್ಲಿ ಆ ದಿನ ಪಡಸಾಲೆಯ ತುಂಬ ಹುಣಸೆಹಣ್ಣು ಹರಡಿತ್ತು, ಬೀಜ ಬಿಡಿಸುವ ಕೆಲಸ ನಡೆದಿತ್ತು. ನನ್ನ ನೆನಪಿನಲ್ಲಿ ಹುಣಸೆಹಣ್ಣು ಇಲ್ಲವೇ ಇಲ್ಲ. ಇರುವುದು ಎರಡು ಕೂಲರ್, ನೀರು ಸೋರುವ ಗೋಣಿತಟ್ಟುಗಳು, ಉಡುಪಿ ಕಡೆಯ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು. ಹುಣಸೆಹಣ್ಣನ್ನು ನಾನು ಬಿಟ್ಟಿರಬಹುದು, ಅವಳು ಸೇರಿಸಿರಬಹುದು. ಎಷ್ಟೋ ಸಲ ಹೇಳಿ ಹೇಳಿ ಈ ಕಥೆ ನಮ್ಮ ಮನೆಯಲ್ಲಿ ಹಳೆಯ ಪಾತೇಲಿಯಂತೆ ಅಲ್ಲಲ್ಲಿ ನೆಗ್ಗಿದೆ, ಅಲ್ಲಲ್ಲಿ ಹೊಳಪು ಬಂದಿದೆ. ಎಲ್ಲರೂ ಒಪ್ಪುವ ಸಂಗತಿ ಒಂದೇ. ಆ ಎರಡು ದಿನ ನಮ್ಮ ಅಣ್ಣನ ಮದುವೆ ಹವಾಮಾನದ ಕೈಯಲ್ಲಿತ್ತು.

ನಮ್ಮದು ಹುನಗುಂದ. ಅಪ್ಪ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಾನು ಊರಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತೇನೆ. ಅಣ್ಣ ಮಹಾಂತೇಶ ಬಾಗಲಕೋಟೆಯ ಒಂದು ಬ್ಯಾಂಕಿನಲ್ಲಿದ್ದಾನೆ. ಅದೇ ಶಾಖೆಗೆ ಉಡುಪಿ ಕಡೆಯಿಂದ ವರ್ಗವಾಗಿ ಬಂದಿದ್ದ ಅಶ್ವಿನಿಯನ್ನು ಮದುವೆಯಾಗುತ್ತೇನೆ ಎಂದು ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ. ಎರಡೂ ಮನೆಯ ಜಾತಿ ಬೇರೆ. ಆ ಮಾತು ಮುಗಿಯುವುದೇ ಇಲ್ಲವೆಂದು ನಾವೆಲ್ಲ ಅಂಜಿಕೊಂಡಿದ್ದೆವು. ಅದು ಒಂದೇ ಸಂಜೆಯಲ್ಲಿ ಫೋನಿನ ಮೇಲೆಯೇ ಮುಗಿದುಹೋಯಿತು. ಮುಗಿಯದೆ ಚಳಿಗಾಲದಿಂದ ಬೇಸಿಗೆಯವರೆಗೆ ಎಳೆದದ್ದು ಬಿಸಿಲಿನ ಮಾತು.

ಅಶ್ವಿನಿಗೆ ತಾಯಿ ಇಲ್ಲ. ತಂದೆ ವಾಸುದೇವರಾಯರು ಒಬ್ಬರೇ ಸಾಕಿ ಬೆಳೆಸಿದ ಒಬ್ಬಳೇ ಮಗಳು. ಬಾಗಲಕೋಟೆಗೆ ಬಂದ ಮೊದಲ ಬೇಸಿಗೆಯಲ್ಲಿ ಅವಳ ಮೂಗಿನಿಂದ ರಕ್ತ ಬಂದಿತ್ತು. ಒಣ ಗಾಳಿಗೆ ಹೊಸಬರಿಗೆ ಹಾಗಾಗುವುದುಂಟು. ಅವಳು ಅದನ್ನು ತಂದೆಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ರಾಯರು ಅಪ್ಪನಿಗೆ ನೇರವಾಗಿ ಹೇಳಿದ್ದರು.

“ನಿಮ್ಮ ಹುಡುಗ ಒಳ್ಳೆಯವನು. ನೀವೂ ಒಳ್ಳೆಯ ಜನ. ಆದರೆ ನಿಮ್ಮ ಊರಿಗೆ ನನ್ನ ಮಗಳನ್ನು ಕೊಟ್ಟರೆ ಅವಳು ಹಪ್ಪಳ ಆಗಿಬಿಡ್ತಾಳೆ ಮಾರಾಯ್ರೆ.”

“ಈಗಾಗಲೇ ಇಲ್ಲೇ ಅದಾಳಲ್ರೀ ಮತ್ತ?” ಎಂದ ಅಪ್ಪ.

“ಅದು ಕೆಲಸ. ಕೆಲಸಕ್ಕೆ ಮನುಷ್ಯ ಎಲ್ಲಿಗೂ ಹೋಗ್ತಾನೆ. ವರ್ಗ ಆದ್ರೆ ವಾಪಸು ಬರ್ಬಹುದು. ಮದುವೆಗೆ ವರ್ಗ ಉಂಟಾ?”

ಕೋರ್ಟಿನಲ್ಲಿ ಬದುಕು ಕಳೆದ ಅಪ್ಪನಿಗೆ ಎಂಥ ತಕರಾರಿಗೂ ಒಂದು ವಾಯಿದೆ ಕೇಳುವ ರೂಢಿ. ಹಾಗಾದರೆ ಒಮ್ಮೆ ಬಂದು ಊರು, ಮನೆ ನೋಡಿ ಹೋಗಿರಿ, ಸಂಕ್ರಮಣಕ್ಕೆ ಬರ್ರಿ ಎಂದ. ಸಂಕ್ರಮಣಕ್ಕೆ ನಮ್ಮಲ್ಲಿ ಬೆಳಗಿನ ಹೊತ್ತು ಸ್ವೆಟರ್ ಹಾಕುತ್ತೇವೆ, ಕಂಬಳಿ ಹೊದೆಯುತ್ತೇವೆ. ರಾಯರು ನಕ್ಕರಂತೆ. “ಮನೆ ನೋಡುವುದಾದರೆ ಅದರ ಕೆಟ್ಟ ತಿಂಗಳಲ್ಲೇ ನೋಡಬೇಕು” ಎಂದರಂತೆ. ಹಾಗೆ ಮೇ ತಿಂಗಳು ಗೊತ್ತಾಯಿತು. ಅವ್ವನ ಲೆಕ್ಕದಲ್ಲಿ ಏಪ್ರಿಲ್.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಸಂಚು ಶುರುವಾಯಿತು. ಹುನಗುಂದವನ್ನು ತಂಪು ಮಾಡುವ ಸಂಚು.

ಮುಂದಾಳು ಅವ್ವ. ನಮ್ಮ ಕಡೆ ಬಂದವರಿಗೆ ಮೊದಲು ಒಂದು ಚರಿಗೆ ನೀರು, ಬೆಲ್ಲದ ಚೂರು ಕೊಟ್ಟು ಆಮೇಲೆ ಮಾತು. ನೀರು ಅಂದರೆ ಮರ್ಯಾದೆ. ನಳಕ್ಕೆ ನೀರು ಬರುವುದೇ ಎಂದೋ ಒಮ್ಮೆಯಾದ್ದರಿಂದ ಒಬ್ಬರ ಮೇಲೆ ಎಷ್ಟು ನೀರು ಖರ್ಚು ಮಾಡಿದೆವೋ ಅಷ್ಟು ಪ್ರೀತಿ ತೋರಿಸಿದ ಹಾಗೆ. ಅವ್ವ ಆ ಪ್ರೀತಿಯನ್ನು ಬ್ಯಾರಲ್‌ಗಟ್ಟಲೆ ಕೂಡಿಟ್ಟಳು. ವಾರವೆಲ್ಲ ನಾವು ಅರ್ಧ ಬಕೀಟಿನಲ್ಲಿ ಸ್ನಾನ ಮುಗಿಸಿದೆವು. ರಾಯರನ್ನು ಇಳಿಸುವ ನಡುಮನೆಯ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ ಅದಕ್ಕೆ ನೀರು ಸುರಿಯುವುದು, ನೆಲಕ್ಕೆ ನೀರು ಹೊಡೆಯುವುದು, ಮೇಲಿನ ತೆರೆದ ಮಾಳಿಗೆಗೆ ನೀರು ಬಿಡುವುದು, ನಮ್ಮ ಕೂಲರ್ ಜೊತೆಗೆ ಪಕ್ಕದ ಮನೆಯ ಶಂಕ್ರಪ್ಪ ಕಾಕಾನ ಕೂಲರನ್ನೂ ತಂದು ಆ ಒಂದೇ ಕೋಣೆಯಲ್ಲಿ ಹಚ್ಚುವುದು. ಇದು ಅವಳ ಯೋಜನೆ.

ಅಣ್ಣನ ಯೋಜನೆ ಬೇರೆ. ಅವನು ಮಾತನ್ನೇ ಬಂದ್ ಮಾಡಿದ.

“ನೋಡ್ರಿ, ಅವರು ಇರೂತನಕ ಯಾರೂ ಬಿಸಲ ಅನ್ನಂಗಿಲ್ಲ. ಝಳ ಅನ್ನಂಗಿಲ್ಲ. ಸೆಕಿ, ಧಗಿ, ಏನೂ ಅನ್ನಂಗಿಲ್ಲ.”

“ಮತ್ತ ಏನ್ ಮಾತಾಡೂದೋ ಮಾಂತ್ಯಾ?” ಅಪ್ಪ ಕೇಳಿದ. ನಿಜವೇ. ಮೇ ತಿಂಗಳಲ್ಲಿ ನಮ್ಮೂರಿನಲ್ಲಿ ಇಬ್ಬರು ಎದುರಾದರೆ ನಮಸ್ಕಾರದ ಬದಲು ‘ಏನ್ ಬಿಸಲರೀ ಯಪ್ಪಾ’ ಎಂದೇ ಮಾತು ಶುರುವಾಗುವುದು. ಅದನ್ನು ತೆಗೆದರೆ ಬಾಯಿಗೆ ಬೀಗ ಹಾಕಿದ ಹಾಗೆ.

ಮೂರನೆಯ ಯೋಜನೆ ನನ್ನದು. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ರಾಜ್ಯದ ನಕ್ಷೆ ಬರೆದು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಮೂರು ಬಣ್ಣದ ಚಾಕ್‌ಪೀಸಿನಲ್ಲಿ ತೋರಿಸುತ್ತೇನೆ. ಒಂದು ರಾಜ್ಯ, ಹಲವು ಹವಾಗುಣ. ಹಾಗಾಗಿ ಈ ವಿಷಯ ನನಗೆ ಗೊತ್ತು ಎಂಬ ಧೈರ್ಯ ನನಗಿತ್ತು. ರಾಯರನ್ನು ನೇರವಾಗಿ ಹುನಗುಂದಕ್ಕೆ ತರುವುದು ಬೇಡ, ಮೊದಲು ಬನಶಂಕರಿಯ ತೆಂಗಿನ ತೋಟ, ಹೊಂಡ, ಬಾದಾಮಿಯ ಕೆರೆ ತೋರಿಸೋಣ. ಕಣ್ಣಿಗೆ ನೀರು ಹಸಿರು ಬಿದ್ದ ಮೇಲೆ ಸಂಜೆ ಮನೆಗೆ ಕರೆದುಕೊಂಡು ಬರೋಣ ಎಂದೆ. ಎಲ್ಲರೂ ಒಪ್ಪಿದರು.

ರಾಯರು ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಹುಬ್ಬಳ್ಳಿಗೆ ಬಂದಿಳಿದರು. ಅಣ್ಣ, ಅಶ್ವಿನಿ, ನಾನು ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದೆವು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹೆಗಲ ಮೇಲೆ ಕೆಂಪಂಚಿನ ತೆಳು ಬೈರಾಸು. ಅವರ ಕಡೆ ಟವಲಿಗೆ ಹಾಗೆನ್ನುತ್ತಾರೆ. ಮಗಳನ್ನು ನೋಡಿದವರೇ ಹೇಗಿದ್ದೀಯ ಎಂದು ಕೇಳಲಿಲ್ಲ. ಅವಳ ಗದ್ದ ಹಿಡಿದು ಮೇಲೆತ್ತಿ ಮೂಗು ನೋಡಿದರು.

“ಅಪ್ಪ, ಬಸ್ ಸ್ಟ್ಯಾಂಡಲ್ಲಿ!” ಎಂದಳು ಅಶ್ವಿನಿ.

ಬನಶಂಕರಿಯಲ್ಲಿ ನನ್ನ ಯೋಜನೆಯ ಮೊದಲ ಕಂತು ಬಿತ್ತು. ಕಲ್ಲಿನ ಮಂಟಪಗಳ ನಡುವೆ ಅಷ್ಟು ದೊಡ್ಡ ಹೊಂಡ, ಅದರಲ್ಲಿ ನೀರಿರಲಿಲ್ಲ. ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ರಾಯರು ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು.

“ಇದು ಎಂತದು, ಮೈದಾನವಾ?”

“ಹೊಂಡರೀ” ಎಂದ ಅಣ್ಣ ಸಣ್ಣ ದನಿಯಲ್ಲಿ.

ದೇವಿಯ ದರ್ಶನ ಮಾಡಿ ಬಂದು ಮರದ ನೆರಳಿಗೆ ಕುಳಿತೆವು. ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಹೊತ್ತು ಮಾರುವ ಹೆಂಗಸರು ಸುತ್ತುಗಟ್ಟಿದರು. ಅವರಿಗೆ ಅಣ್ಣನ ಕಾಯಿದೆ ಎಲ್ಲಿ ಗೊತ್ತು? ಒಬ್ಬಾಕೆ ರಾಯರ ಮುಂದೆ ಬುಟ್ಟಿ ಇಳಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಎಪ್ಪಾ, ಏನ್ ಬಿಸಲೋ ಮಾರಾಯ! ಬೆಂಕಿ ಮಳಿ ಬಿದ್ದಂಗ ಬೀಳಾಕತ್ತೈತಿ. ಯಜ್ಜಾ, ಈ ಬಿಸಲಾಗ ಎಲ್ಲಿಂದ ಬಂದಿಯೋ ನೀ?” ಎಂದಳು. ಅಣ್ಣ ಕಣ್ಣು ಮುಚ್ಚಿದ. ರಾಯರು ಆಕೆಯಿಂದ ಎರಡು ಗಡಿಗೆ ಮೊಸರು ತಿಂದರು.

ಬಾದಾಮಿಯಲ್ಲಿ ಕೆರೆಯಲ್ಲಿ ನೀರಿತ್ತು, ದೇವರು ದೊಡ್ಡವನು. ಹಸಿರು ನೀರು, ಹಿಂದೆ ಕೆಂಪು ಗುಡ್ಡ. ಆದರೆ ದಂಡೆಯ ಗುಡಿಗೆ ಹೋಗಲು ಚಪ್ಪಲಿ ಬಿಟ್ಟ ರಾಯರು ಕೆಂಪು ಕಲ್ಲಿನ ಮೇಲೆ ಕಾಲಿಟ್ಟವರೇ ಕುಪ್ಪಳಿಸತೊಡಗಿದರು. ಪಂಚೆ ಎತ್ತಿಕೊಂಡು, ಒಂದು ಕಾಲು ಇಟ್ಟು ಒಂದು ಕಾಲು ಎತ್ತಿ, ಬಿಸಿ ಹಂಚಿನ ಮೇಲೆ ಬಿದ್ದ ಕಡಲೆಯ ಹಾಗೆ. ಅಶ್ವಿನಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಆ ನಗು ನನಗೆ ಸರಿಯಾಗಿ ನೆನಪಿದೆ. ನಾನು ಮಾತ್ರ ನಗಲಿಲ್ಲ ಎಂದು ನೆನಪು. ಅಣ್ಣ, ‘ನೀನೇ ಮೊದಲು ನಕ್ಕಿದ್ದಿ’ ಎನ್ನುತ್ತಾನೆ.

ಅಲ್ಲಿ ಅವರು ಬೈರಾಸನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಲೆಯ ಮೇಲೆ ಹಾಕಿಕೊಂಡರು. ಕಾರಿನ ಹತ್ತಿರ ಬಂದಾಗ ಅದನ್ನು ತೆಗೆದು ಮುಟ್ಟಿ ನೋಡಿದರು. ಮಡಚಿ ನೋಡಿದರು. ಮೂಗಿಗೆ ಹಿಡಿದರು. ಆಮೇಲೆ ಆಕಾಶ ನೋಡಿದರು. ಅವರ ಮುಖದಲ್ಲಿ ಒಂದು ಥರದ ಗಾಬರಿ ಇತ್ತು. ಮುಂದಿನ ಸೀಟಿನಲ್ಲಿ ಕುಳಿತು ಕನ್ನಡಿಯಲ್ಲಿ ಅದನ್ನು ನೋಡಿದ ನಾನು, ಆಯಿತು, ಮದುವೆ ಮುರಿಯಿತು ಎಂದುಕೊಂಡೆ.

ಬಾದಾಮಿಯಿಂದ ಹುನಗುಂದಕ್ಕೆ ಬರುವಾಗ ಕೆಂಪು ಗುಡ್ಡಗಳು ಹಿಂದೆ ಸರಿದು ಕರಿ ಹೊಲಗಳು ಬಂದವು. ಆ ತಿಂಗಳಲ್ಲಿ ಎರೆಭೂಮಿ ಬಾಯಿ ಬಿಟ್ಟಿರುತ್ತದೆ. ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುವಂಥ ಬಿರುಕು. ಅಣ್ಣ ಆ ಕಡೆ ಅವರು ನೋಡದಿರಲಿ ಎಂದು ಈ ಕಡೆಯ ಗಾಳಿಯಂತ್ರಗಳನ್ನು ತೋರಿಸುತ್ತ, ಬ್ಯಾಂಕಿನ ಬಡ್ತಿ ಪರೀಕ್ಷೆಯ ಬಗ್ಗೆ ಮಾತಾಡುತ್ತ ಬಂದ. ರಾಯರು ಎರಡೂ ಕಡೆ ನೋಡಿದರು.

ಮನೆಗೆ ಬಂದಾಗ ನಾಲ್ಕು ಗಂಟೆ ಇದ್ದೀತು. ಬಾಗಿಲಲ್ಲೇ ಅವ್ವ ಕಾಲಿಗೆ ನೀರು ಕೊಟ್ಟಳು.

“ಬರ್ರಿ, ಒಳಗ ಬರ್ರಿ. ತಣ್ಣಗ ಕುಂಡ್ರಿ.”

ನಡುಮನೆಯ ಬಾಗಿಲು ತೆರೆದಾಗ ನಾನೇ ಬೆರಗಾದೆ. ಕಿಟಕಿಗಳಲ್ಲಿ ಗೋಣಿತಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲ ಒದ್ದೆ. ಎರಡು ಮೂಲೆಯಲ್ಲಿ ಎರಡು ಕೂಲರ್ ಗುಡುಗುತ್ತಿದ್ದವು. ಗಾಳಿ ಹೊರಗೆ ಹೋಗಬಾರದೆಂದು ಅವ್ವ ಬಾಗಿಲ ಸಂದಿಗೂ ಒದ್ದೆ ಬಟ್ಟೆ ತುರುಕಿದ್ದಳು. ರಾಯರನ್ನು ನಡುವೆ ಕುರ್ಚಿಯಲ್ಲಿ ಕೂಡಿಸಿದೆವು. ಬಾಗಿಲು ಹಾಕಿದೆವು.

ಸ್ವಲ್ಪ ಹೊತ್ತಿನಲ್ಲಿ ರಾಯರ ಹಣೆಯ ಮೇಲೆ ಹನಿ ಕಾಣಿಸಿತು. ಆಮೇಲೆ ಕುತ್ತಿಗೆಗೆ. ಅಂಗಿ ಬೆನ್ನಿಗೆ ಅಂಟಿತು. ದಿನವೆಲ್ಲ ಬಿಸಿಲಿನಲ್ಲಿ ತಿರುಗಿದಾಗ ಬಾರದ ಬೆವರು ಈಗ ಧಾರೆಯಾಗಿ ಇಳಿಯತೊಡಗಿತು. ಅವರ ಮುಖ ಸಪ್ಪಗಾಯಿತು.

“ಅವರಿಗಿನ್ನೂ ಸೆಕಿ ಆಗಾಕತ್ತೈತಿ” ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿ ಮತ್ತೊಂದು ಕೊಡ ನೀರು ತಂದು ತಟ್ಟುಗಳ ಮೇಲೆ ಸುರಿದಳು. ಅವರು ಇನ್ನೂ ಬೆವರಿದರು. ಅವ್ವ ಇನ್ನೂ ಸುರಿದಳು. ನನ್ನ ಮೂರು ಬಣ್ಣದ ಚಾಕ್‌ಪೀಸು ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ.

“ಸ್ವಲ್ಪ ಹೊರಗೆ ಕೂತ್ಕೊಳ್ಬಹುದಾ?” ರಾಯರು ಕೇಳಿದರು.

“ಬ್ಯಾಡ್ರೀ, ಬ್ಯಾಡ್ರೀ!” ಅಪ್ಪ, ಅವ್ವ, ಅಣ್ಣ ಮೂವರೂ ಒಟ್ಟಿಗೆ ಎದ್ದು ನಿಂತರು. ಅವರು ಮತ್ತೆ ಕುಳಿತರು. ಆಗ ಶಂಕ್ರಪ್ಪ ಕಾಕಾ ತನ್ನ ಕೂಲರ್ ಹೇಗೆ ನಡೆದಿದೆ ಎಂದು ನೋಡಲು ಬಂದ. ಬಾಗಿಲು ತೆರೆದವನೇ ಕೈ ಮುಗಿದು, “ನಮಸ್ಕಾರ್ರೀ ಸಾಹೇಬ್ರ. ಏನ್ ಬಿಸ...” ಎಂದ. ಅಣ್ಣ ಜೋರಾಗಿ ಕೆಮ್ಮಿದ. ಕಾಕಾನಿಗೂ ಮೊದಲೇ ಹೇಳಿಟ್ಟಿದ್ದ ಕಾಯಿದೆ ನೆನಪಾಯಿತು. ಬಾಯಿ ತೆರೆದೇ ಇತ್ತು, ಮಾತು ಎಲ್ಲಿಗೋ ಮುಟ್ಟಬೇಕಿತ್ತು. “ಬಿಸ... ಬಿಸ್ಕೀಟ್ ತಗೊಂಡ್ರೇನ್ರಿ?” ಎಂದ. ರಾಯರು ಇಲ್ಲ ಎಂದರು. ನಾನು ಅಡುಗೆಮನೆಗೆ ಓಡಿ ಬಿಸ್ಕೀಟ್ ತಂದೆ. ಅವು ಆ ಕೋಣೆಯಲ್ಲಿ ಅವರು ಕೈಗೆ ಎತ್ತಿಕೊಳ್ಳುವಷ್ಟರಲ್ಲೇ ಮೆತ್ತಗಾಗಿದ್ದವು ಎಂದು ಈಗ ಹೇಳಬೇಕೆನಿಸುತ್ತದೆ. ಆದರೆ ಅದು ನಿಜವಿರಲಾರದು.

ಕೊನೆಗೆ ರಾಯರು ಎದ್ದು, “ನನ್ನ ಬಟ್ಟೆ ನಾನೇ ತೊಳೆಯುವ ಅಭ್ಯಾಸ. ಪ್ರಯಾಣದ ಕೊಳೆ ಉಂಟು. ಒಂದು ಬಕೀಟು ಕೊಡಿ” ಎಂದರು. ಮನೆಗೆ ಬಂದವರು ಬಟ್ಟೆ ತೊಳೆಯುವುದೇ? ಅವ್ವ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅವರು ಕೇಳಲಿಲ್ಲ. ಹಿತ್ತಲ ಬಚ್ಚಲಿನಲ್ಲಿ ತೊಳೆದುಕೊಂಡು, ಬಕೀಟು ಹಿಡಿದು, ಯಾರಿಗೂ ಹೇಳದೆ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರು.

ಬಹಳ ಹೊತ್ತಾದರೂ ಇಳಿಯಲಿಲ್ಲ.

ಮೊದಲು ಅಪ್ಪ ಮೇಲೆ ನೋಡಿದ. ಆಮೇಲೆ ಅಣ್ಣ. “ಎಷ್ಟ ನೀರ ಬಿಟ್ರೂ ಮ್ಯಾಲ ಇನ್ನೂ ಕಾದ ಹಂಚ ಆಗಿರ್ತೈತಿ. ಚಕ್ಕರ್ ಬಂದು ಬಿದ್ದಾರೇನೋ ಲೇ” ಎಂದ ಅಪ್ಪ. ಅಶ್ವಿನಿ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಅವಳ ಹಿಂದೆ ನಾವೆಲ್ಲ ಓಡಿದೆವು. ಅವ್ವನ ಕೈಯಲ್ಲಿ ಆಗಲೂ ಒಂದು ಚರಿಗೆ ನೀರು.

ರಾಯರು ಬಿದ್ದಿರಲಿಲ್ಲ. ಹಗ್ಗದ ಮುಂದೆ ನಿಂತಿದ್ದರು. ಬರಿಮೈ, ಸೊಂಟಕ್ಕೆ ಒಂದು ಪಂಚೆ. ಕೈಯಲ್ಲಿ ಬನಿಯನ್ ಹಿಡಿದುಕೊಂಡು ಅದನ್ನು ಕೆನ್ನೆಗೆ ಒತ್ತಿಕೊಂಡಿದ್ದರು.

“ಒಣಗಿತು!” ಎಂದರು ನಮ್ಮನ್ನು ನೋಡಿ.

ನಮಗೆ ಏನೂ ತಿಳಿಯಲಿಲ್ಲ. ಬಟ್ಟೆ ಒಣಹಾಕಿದರೆ ಒಣಗುತ್ತದೆ.

“ಅಲ್ಲ ಮಾರಾಯ್ರೆ, ಕೊನೆಯ ಬಟ್ಟೆ ಹಾಕುವಾಗ ಮೊದಲಿನದ್ದು ಒಣಗಿ ಆಗಿತ್ತು. ನಾನು ಇಲ್ಲೇ ನಿಂತು ನೋಡಿದೆ. ನನ್ನ ಕಣ್ಣೆದುರೇ ಒಣಗಿತು. ಬಾದಾಮಿಯಲ್ಲಿ ಬೈರಾಸು ಒಣಗಿದಾಗ ನನಗೆ ನನ್ನ ಕೈ ಮೇಲೆಯೇ ಅನುಮಾನ ಬಂದಿತ್ತು.”

ಆಮೇಲೆ ಅವರು ಮಾತಾಡಿದ್ದು ನೋಡಬೇಕು. ಬೆಳಗಿನಿಂದ ಮುಚ್ಚಿದ್ದ ಬಾಯಿ ಬಿಚ್ಚಿತು. ಅವರ ಊರಿನಲ್ಲಿ ಮಳೆಗಾಲದಲ್ಲಿ ಒಂದು ಪಂಚೆ ಒಣಗಬೇಕಾದರೆ ಒಲೆಯ ಮೇಲಿನ ಬಿದಿರಿಗೆ ಹಾಕಿ ದಿನಗಟ್ಟಲೆ ಕಾಯಬೇಕಂತೆ. ಒಣಗಿದರೂ ಅದು ಹೊಗೆ ವಾಸನೆಯಂತೆ. ಕಪಾಟಿನಲ್ಲಿ ಇಟ್ಟ ಬೆಲ್ಟಿಗೆ ಬಿಳಿ ಬೂಸ್ಟು ಬರುತ್ತದಂತೆ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದಂತೆ. ಪೋಸ್ಟ್ ಆಫೀಸಿನಲ್ಲಿ ಅಂಚೆಚೀಟಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತಿದ್ದವಂತೆ. ಖಾಲಿ ಕವರುಗಳು ಒಳಗೆ ಏನೂ ಇಲ್ಲದೆ ತಾವೇ ಬಾಯಿ ಮುಚ್ಚಿಕೊಳ್ಳುತ್ತಿದ್ದವಂತೆ. “ಮಳೆ ಬಿಟ್ಟ ಮೇಲಾದರೂ ಸುಖ ಉಂಟಾ? ಈ ಮೇ ತಿಂಗಳಲ್ಲಿ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗಲೇ ಮತ್ತೆ ಬೆವರು. ಒರೆಸಿದ್ದು ನೀರೋ ಬೆವರೋ ಗೊತ್ತಾಗುವುದಿಲ್ಲ. ನಾನು ಹುಟ್ಟಿದ ಮೇಲೆ ಪೂರ್ತಿ ಒಣಗಿದ್ದೇ ಇಲ್ಲ. ಇವತ್ತೇ ಮೊದಲು.”

“ಮತ್ತ ಕೆಳಗ ಅಷ್ಟು ಬೆವತಿದ್ರಿ?” ಅವ್ವ ಕೇಳಿದಳು.

ಅವರು ಸಂಕೋಚದಿಂದ ಬಕೀಟಿನ ಕಡೆ ನೋಡಿದರು. “ಬೇಸರ ಮಾಡ್ಕೊಳ್ಬಾರದು. ಆ ಕೋಣೆ ಥೇಟ್ ನಮ್ಮೂರೇ. ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದು ವಾಪಸು ನಮ್ಮನೆಗೇ ಹೋದ ಹಾಗಾಯ್ತು.”

ಅಪ್ಪ ಮೊದಲು ನಕ್ಕ. ಅವನ ನಗುವೇ ಹಾಗೆ, ಕೆಮ್ಮಿನಂತೆ ಶುರುವಾಗಿ ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲುವುದಿಲ್ಲ. ವಾರವೆಲ್ಲ ನಾವು ಅರ್ಧ ಬಕೀಟಿನಲ್ಲಿ ಸ್ನಾನ ಮಾಡಿ ಉಳಿಸಿದ ನೀರನ್ನು, ನೀರಿನಿಂದಲೇ ಬೇಸತ್ತು ಬಂದ ಮನುಷ್ಯನ ಮೇಲೆ ಸುರಿದಿದ್ದೆವು. ಅವ್ವ ಮಾತ್ರ ನಗಲಿಲ್ಲ. ಅವಳ ಮುಖ ಸಣ್ಣದಾಗಿತ್ತು. ಚರಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.

ಬಾಗಿಲು, ಕಿಟಕಿ ತೆರೆದೆವು. ಕೂಲರ್ ಬಂದ್ ಮಾಡಿದೆವು. ಶಂಕ್ರಪ್ಪ ಕಾಕಾನಿಗೆ ಬೇಸರವಾಯಿತು. ರಾಯರು ತಮ್ಮ ಚೀಲದಲ್ಲಿದ್ದ ಒಂದೊಂದು ಬಟ್ಟೆಯನ್ನೂ, ತೊಳೆದದ್ದನ್ನೂ ತೊಳೆಯದ್ದನ್ನೂ, ಮಾಳಿಗೆಗೆ ಒಯ್ದು ಬಿಸಿಲಿಗೆ ತೋರಿಸಿದರು.

ಆದರೆ ಇಷ್ಟಕ್ಕೆ ಎಲ್ಲ ಮುಗಿಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಹೊತ್ತು ಇಳಿದ ಮೇಲೆ ಮಾಳಿಗೆಯಲ್ಲೇ ಚಾಪೆ ಹಾಸಿ ಎಲ್ಲರೂ ಕುಳಿತಾಗ ರಾಯರು ಮತ್ತೆ ಗಂಭೀರರಾದರು. “ನನಗೆ ನಿಮ್ಮ ಊರು ಹಿಡಿಸಿತು. ನಾನು ಎರಡು ದಿನದ ಮನುಷ್ಯ, ನೋಡಿಕೊಂಡು ಹೋಗ್ತೇನೆ. ಇರುವವಳು ಅವಳು. ಅವಳ ಮೂಗಿನ ರಕ್ತ ನನ್ನ ತಲೆಯಿಂದ ಹೋಗುವುದಿಲ್ಲ. ಇಡೀ ದಿನ ನೀವು ಒಬ್ಬರೂ ಬಿಸಿಲಿನ ಮಾತೇ ಎತ್ತಲಿಲ್ಲ. ಯಾಕೆ?”

ಅಣ್ಣ ಚಾಪೆಯ ಕಡ್ಡಿ ಕೀಳತೊಡಗಿದ.

ಅವ್ವ ಹೇಳಿದಳು. “ಅಂಜಿಕಿರೀ. ಬಿಸಲ ಅಂದ್ರ ನೀವು ಹುಡುಗೀನ್ನ ಕರಕೊಂಡು ಹೋಗ್ತೀರಿ ಅಂತ. ಖರೆ ಹೇಳ್ತೇನಿ ಕೇಳ್ರಿ. ಇಲ್ಲಿ ಬಿಸಲ ಭಾಳ ಕೆಟ್ಟೈತಿ. ತುಟಿ ಒಡೀತಾವು, ಹಿಮ್ಮಡ ಒಡೀತಾವು. ಹೊಸಬರಿಗೆ ಮೂಗಿನ್ಯಾಗ ರಕ್ತ ಬರತೈತಿ. ಮಲಗೂಮುಂದ ಮೂಗಿಗೆ ಕೊಬ್ಬರಿ ಎಣ್ಣಿ ಹಚ್ಚಬೇಕು. ಮಜ್ಜಿಗಿ ಬಿಟ್ಟಿರಂಗಿಲ್ಲ. ಮಟಮಟ ಮಧ್ಯಾಹ್ನ ಹೊರಗ ಹೋಗಂಗಿಲ್ಲ, ಹೋದ್ರ ತಲಿಮ್ಯಾಲ ಸೆರಗ. ನಾನೂ ಧಾರವಾಡದಾಗಿಂದ ಬಂದಾಕಿರೀ. ತಂಪ ಊರಾಗ ಬೆಳದಾಕಿ. ಮೊದಲನೇ ಬ್ಯಾಸಗಿ ಅಳಕೋತನ ಕಳದೀನಿ. ನಮ್ಮತ್ತಿ ಎಲ್ಲಾ ಕಲಿಸಿದ್ರು. ನಾ ಅಕೀಗೆ ಕಲಸ್ತೇನಿ.”

ಅವ್ವ ಅತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲವೆಂದು ಅವನ ಮುಖ ಹೇಳಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ.

“ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತಾ?” ಎಂದರು ರಾಯರು. ದನಿ ಮೆತ್ತಗಾಗಿತ್ತು.

ಆಗ ಅಶ್ವಿನಿ ಬಾಯಿ ತೆರೆದಳು. “ನನ್ನನ್ನು ಯಾರಾದ್ರೂ ಕೇಳ್ತೀರಾ? ಮೂಗಿನಿಂದ ರಕ್ತ ಬಂದದ್ದು ಒಂದೇ ಸಲ ಅಪ್ಪ. ನೀವು ಅದನ್ನು ಇವತ್ತಿನವರೆಗೂ ಸುರಿಸ್ತಾ ಇದ್ದೀರಿ.”

“ಹಾಗಲ್ಲ ಮಗಾ...”

“ಊರಲ್ಲಿ ಇರುವಾಗ ಮಳೆಗಾಲ ಪೂರ್ತಿ ನನಗೆ ಶೀತ ಇರ್ತಿತ್ತು. ಆ ಮೂಗು ನಿಮಗೆ ನೆನಪಿಲ್ವಾ? ಅದು ಯಾಕೆ ನೆನಪಿಲ್ಲ?”

ರಾಯರು ಅದಕ್ಕೆ ಏನು ಹೇಳಿದರು ಎಂಬುದರ ಬಗ್ಗೆ ನಮ್ಮಲ್ಲಿ ಜಗಳವಿದೆ. ಅಪ್ಪನ ಪ್ರಕಾರ ಅವರು ‘ನೋಡುವ’ ಎಂದರು. ಅಣ್ಣನ ಪ್ರಕಾರ ಏನೂ ಅನ್ನಲಿಲ್ಲ, ಎದ್ದು ಹೋಗಿ ಹಗ್ಗದ ಮೇಲಿನ ಬಟ್ಟೆ ಮಡಚತೊಡಗಿದರು. ನನಗೆ ಎರಡೂ ನೆನಪಿದೆ. ಅದರಲ್ಲಿ ಒಂದು ನನ್ನದಲ್ಲ, ಯಾವುದೆಂದು ಗೊತ್ತಿಲ್ಲ. ಹೌದು ಅನ್ನಲಿಲ್ಲ ಎಂಬುದು ಮಾತ್ರ ಖಾತ್ರಿ. ಅವರು ಅಂದು ಮಾಳಿಗೆಯ ಮೇಲೆಯೇ ಮಲಗಿದರು. ಕೆಳಗೆ ಅಣ್ಣ ಹೊರಳಾಡಿದ.

ಮರುದಿನ ಬೆಳಿಗ್ಗೆ ಅಪ್ಪನಿಗೆ ತಾಳ್ಮೆ ತಪ್ಪಿತ್ತು. “ತೀರ್ಪ ಯಾವಾಗ ಅಂತ ಕೇಳಲೇನ?” ಎಂದ. ಅವ್ವ ಕಣ್ಣಲ್ಲೇ ಗದರಿದಳು. ತಿಂಡಿ ಮುಗಿಸಿದ ರಾಯರು, “ಇಳಕಲ್ ಹತ್ತಿರ ಅಂತೀರಲ್ಲ, ಒಮ್ಮೆ ಹೋಗಿ ಬರುವನಾ?” ಎಂದರು. ಊರು ನೋಡುವ ಆಸೆಯಿರಬೇಕು ಎಂದುಕೊಂಡು ಎಲ್ಲರೂ ಹೊರಟೆವು. ಈ ಸಲ ಅಣ್ಣನ ಕಾಯಿದೆ ಇರಲಿಲ್ಲ. ಕಾರಿನಲ್ಲಿ ಎಲ್ಲರೂ ಬಾಯ್ತುಂಬ ಬಿಸಿಲು ಬೈದೆವು. ಬಾದಾಮಿಯದು ಕಾಲು ಸುಡುವ ಬಿಸಿಲು, ಹುನಗುಂದದ್ದು ತುಟಿ ಒಡೆಯುವ ಬಿಸಿಲು, ಇಳಕಲ್ಲಿನದು ಕಲ್ಲಿನ ಗಣಿಯ ಬಿಸಿಲು, ಹೊತ್ತು ಮುಳುಗಿದ ಮೇಲೂ ಬಿಡುವುದಿಲ್ಲ ಎಂದು ಅಪ್ಪ ವರದಿ ಒಪ್ಪಿಸಿದ. ರಾಯರು ತಮ್ಮ ಕಡೆಯ ಮಳೆಗಳನ್ನು ಬೈದರು. ಇಷ್ಟು ಸಲೀಸಾಗಿ ನಾವು ಅದುವರೆಗೆ ಮಾತಾಡಿರಲಿಲ್ಲ.

ಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಮುಂದೆ ಅವರು ಕಾರು ನಿಲ್ಲಿಸಲು ಹೇಳಿದರು. ಒಳಗೆ ಗಾದಿಯ ಮೇಲೆ ಕುಳಿತೆವು. ಅಂಗಡಿಯವನು ರೇಷ್ಮೆ ಸೆರಗಿನ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರಡಿದ. ಕೆಂಪು ಸೆರಗು, ಅದರಲ್ಲಿ ಬಿಳಿ ಪಟ್ಟಿ, ದಾಳಿಂಬರಿ ಬಣ್ಣ, ನವಿಲು ಬಣ್ಣ. ರಾಯರು ಯಾವುದನ್ನೂ ಮುಟ್ಟಲಿಲ್ಲ. ಅವ್ವನ ಕಡೆ ತಿರುಗಿದರು.

“ಅವಳಿಗೆ ಒಂದು ಸೀರೆ ತೆಗೀಬೇಕು. ಈ ಬಿಸಿಲಿಗೆ ದಿನಾ ಉಡಲಿಕ್ಕೆ ಯಾವುದು ಒಳ್ಳೆಯದು?”

“ದಿನಾ ಉಡಾಕ ನೂಲಿಂದ ಚಲೋರಿ. ರೇಶ್ಮಿ ಮೈಗೆ ಹತ್ತಿಕೊಂಡ ಕುಂದರ್ತೈತಿ” ಎಂದಳು ಅವ್ವ. ಅಂಗಡಿಯವನ ಮುಖ ಸ್ವಲ್ಪ ಬಾಡಿತು. ಅವಳೇ ಹುಡುಕಿ ಒಂದು ನೂಲಿನ ಸೀರೆ ತೆಗೆದಳು. ಕಪ್ಪು ಒಡಲು, ಕೆಂಪು ದಡಿ. ರಾಯರು ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು.

“ಹಾಗಾದರೆ ಎರಡು ಕೊಡಿ. ಒಂದು ಉಟ್ಟಾಗ ಇನ್ನೊಂದು ಒಣಗಬೇಕಲ್ಲ.”

“ಎರಡ್ಯಾಕ್ರೀ ಬೀಗರ?” ಅವ್ವ ತಟ್ಟನೆ ಅಂದಳು. “ಇಲ್ಲಿ ಅಕಿ ಜಳಕಾ ಮಾಡಿ ತಲಿ ಹಿಕ್ಕೊಳ್ಳೂದರಾಗ ಒಣಗಿರತೈತಿ.”

ಅಂದ ಮೇಲೆ ಅವಳಿಗೆ ತಿಳಿಯಿತು. ಬಲಗೈ ಬಾಯಿಗೆ ಹೋಯಿತು. ಮಾತು ಗಟ್ಟಿಯಾಗುವ ಮೊದಲೇ, ಎಲೆ ಅಡಿಕೆ ಇಡುವ ಮೊದಲೇ ಹೆಣ್ಣಿನ ತಂದೆಯನ್ನು ಬೀಗರು ಅಂದುಬಿಟ್ಟಿದ್ದಳು. ನಮ್ಮಲ್ಲಿ ಅದು ಹಗುರವಾದ ಮಾತಲ್ಲ. ಅಪ್ಪ ಅಂಗಡಿಯ ಫ್ಯಾನು ನೋಡತೊಡಗಿದ. ಅಣ್ಣ ಮತ್ತು ಅಶ್ವಿನಿ ಒಬ್ಬರನ್ನೊಬ್ಬರು ನೋಡದೆ ಒಂದೇ ಸೀರೆಯನ್ನು ಎರಡು ಕಡೆಯಿಂದ ಮಡಚುತ್ತಿದ್ದರು. ಅಂಗಡಿಯವನು ಬಿಲ್ ಪುಸ್ತಕ ಹಿಡಿದುಕೊಂಡು ಕಾದ.

ರಾಯರು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದರ ಮಡಿಕೆಯನ್ನು ಕೈಯಿಂದ ಸವರಿದರು. ಮಗಳ ಕಡೆ ಒಮ್ಮೆ ನೋಡಿದರು.

“ಹಾಗಾದರೆ ಒಂದೇ ಸಾಕು ಬೀಗಿತ್ತಿಯವರೇ” ಎಂದರು.

ಆಮೇಲೆ ಏನಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತೇವೆ. ಈಗ ನನಗೆ ವೈನಿ, ಅಂದರೆ ಅತ್ತಿಗೆಯಾದ ಅಶ್ವಿನಿ, ತನ್ನ ಅಪ್ಪ ಕೊನೆಗೂ ಎರಡು ಸೀರೆ ಕೊಂಡಿದ್ದರು ಎಂದು ವಾದಿಸುತ್ತಾಳೆ. ಅಂಗಡಿಯವನು ಪೇಡೆ ತರಿಸಿದನೆಂದು ಅಣ್ಣ, ಇಲ್ಲ ಅದು ಚಹಾ ಎಂದು ಅಪ್ಪ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ತರಗತಿಯಲ್ಲಿ ಕರಾವಳಿಯ ಬಣ್ಣ ತುಂಬುವಾಗ ಈಗಲೂ ನನ್ನ ಚಾಕ್‌ಪೀಸು ಒಂದು ಗಳಿಗೆ ನಿಲ್ಲುತ್ತದೆ. ನಮಗೆ ಇಲ್ಲದ್ದನ್ನು ಕೂಡಿಟ್ಟು, ಅದೇ ಎಲ್ಲರಿಗೂ ಬೇಕಾದದ್ದು ಎಂದುಕೊಂಡು ಒಬ್ಬ ಒಳ್ಳೆಯ ಮನುಷ್ಯನನ್ನು ಕೋಣೆಯಲ್ಲಿ ಕೂಡಿಹಾಕಿ ತೋಯಿಸಿದ್ದೆವಲ್ಲ ಎಂದು ನಗು ಬರುತ್ತದೆ. ಮಕ್ಕಳು ಯಾಕ್ರೀ ಟೀಚರ್ ಎಂದು ಕೇಳುತ್ತಾರೆ. ನೆನಪಿನ ಉಳಿದ ಚೂರುಗಳಿಗೆ ನಾನು ಜಾಮೀನು ಕೊಡಲಾರೆ. ಆದರೆ ಅಂಗಡಿಯಲ್ಲಿ ಬಾಯಿಯ ಮೇಲಿದ್ದ ಕೈಯನ್ನು ಅವ್ವ ಮೆಲ್ಲಗೆ ಇಳಿಸಿದಾಗ ಅದರ ಹಿಂದೆ ಕಂಡ ನಗುಮುಖವಿದೆಯಲ್ಲ, ಅದು ನಾನು ಕಟ್ಟಿ ಹೇಳಿದ್ದಲ್ಲ.